ಡೀಸೆಂಟ್ ಹುಡುಗ

‘ಡೀಸೆಂಟ್’ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರಾದರೂ ಮದುವೆ ವಯಸ್ಸಿಗೆ ಬಂದ ಹುಡುಗನ ಸುದ್ದಿ ತೆಗೆದು, ‘ಭಾಳ ಡೀಸೆಂಟ್ ಅದಾನ್ರಿ’ ಅಂದರೆ ಸಾಕು, ‘ಅದಿರ್ಲಿ, ಮನುಷ್ಯಾ ಹೆಂಗದಾನ ಅದನ್ನ ಹೇಳ್ರಿ’ ಎಂದು ನಾನು ಕೇಳಿಯೇ ಕೇಳುತ್ತೇನೆ. ಈ ಹೆಂಗಸಿನ ಬಾಯಿ ಸರಿಯಿಲ್ಲ ಎಂದು ಬಂಧುಬಳಗದಲ್ಲಿ ನನ್ನ ಹೆಸರಾಗಿದೆ. ಆಗಲಿ ಬಿಡಿ.

ತೊಂಬತ್ತರ ದಶಕದಲ್ಲಿ ಈ ಮಾತು ನಮ್ಮ ಕಡೆ ಹೇಗೆ ಹಬ್ಬಿತ್ತು ಅಂದರೆ, ಇಂಗ್ಲಿಷಿನ ಎಬಿಸಿಡಿ ಬಾರದವರ ಬಾಯಲ್ಲೂ ಇದು ಇರುತ್ತಿತ್ತು. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡವನು ಡೀಸೆಂಟ್. ಹೆಂಗಸರು ಕೂರಲು ಪರದೆ ಕಟ್ಟಿದ ಖೋಲಿ ಇರುವ ಹೋಟೆಲು ಡೀಸೆಂಟ್. ಹೊಸ ಬಡಾವಣೆಯಲ್ಲಿ ಕಾಂಪೌಂಡು ಕಟ್ಟಿಸಿ ಗೇಟು ಹಾಕಿಸಿದ್ದರೆ ಆ ಮನೆಯವರು ಪೂರ್ತಿ ಡೀಸೆಂಟ್ ಫ್ಯಾಮಿಲಿ. ಅವರ ಗೇಟಿನೊಳಗೆ ಏನು ನಡೆಯುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮಲ್ಲೇ ಬೇಕಾದಷ್ಟು ಮಾತುಗಳಿದ್ದವು: ಗುಣವಂತ, ಮರ್ಯಾದಸ್ಥ, ಸಂಭಾವಿತ, ಒಳ್ಳೆ ಮನಸ್ಸಿನವ. ಆದರೆ ‘ಗುಣವಂತ’ ಅಂದರೆ ಕೇಳಿದವರು, ‘ಹೌದಾ, ಏನು ಗುಣ ನೋಡಿದ್ರಿ?’ ಅನ್ನುತ್ತಿದ್ದರು. ಡೀಸೆಂಟ್ ಅಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅದಕ್ಕೇ ಎಲ್ಲರಿಗೂ ಅದು ಹಿಡಿಸಿತ್ತು ಅಂತ ಕಾಣುತ್ತದೆ.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮನೆಯ ಮುಂದಿನ ಭಾಗದಲ್ಲಿ ಗಿರಣಿ, ಹಿಂದೆ ನಾವು. ಬೆಳಗಿನಿಂದ ಸಂಜೆಯವರೆಗೆ ಬೆಲ್ಟು ತಿರುಗುವ ಸದ್ದು, ಕಲ್ಲಿನ ಸದ್ದು. ಅದರ ಮೇಲೆ ದನಿ ಎತ್ತಿ ಮಾತಾಡದಿದ್ದರೆ ಎದುರಿಗಿದ್ದವರಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾಗಾಗಿ ನಾವೆಲ್ಲ ದೊಡ್ಡ ಗಂಟಲಿನವರೇ. ಅದರಲ್ಲೂ ಅಕ್ಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಗಿರಣಿಯಲ್ಲೇ ನಿಲ್ಲುತ್ತಿದ್ದಳು. ‘ಸಜ್ಜಿ ಯಾರ್ದವ್ವಾ, ಮುಂದ ಬರ್ರಿ! ಲೇ, ಜೋಳದ ಮ್ಯಾಲ ಗೋಧಿ ಸುರೀಬ್ಯಾಡಲೇ!’ ಎಂದು ಅವಳು ಕೂಗಿದರೆ ರಸ್ತೆಯ ಆಚೆಯ ಸೈಕಲ್ ಶಾಪಿನವನು ತಿರುಗಿ ನೋಡುತ್ತಿದ್ದ. ನಕ್ಕರಂತೂ ಓಣಿಗೆಲ್ಲ ಕೇಳುತ್ತಿತ್ತು. ಡಬ್ಬಿ ಹೊತ್ತುಕೊಂಡು ಬರುವ ಹೆಂಗಸರು ಹಿಟ್ಟು ಹಾಕಿಸಿಕೊಂಡ ಮೇಲೂ ಅರ್ಧ ತಾಸು ಅವಳ ಜೊತೆ ಹರಟೆ ಹೊಡೆದು ಹೋಗುತ್ತಿದ್ದರು.

ಅಕ್ಕನಿಗೆ ಹರಪನಹಳ್ಳಿಯಿಂದ ಸಂಬಂಧ ಬಂತು. ಹುಡುಗನದು ಸ್ವಂತ ಮೆಡಿಕಲ್ ಶಾಪು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಒಂದು ಪದ್ಧತಿ ಇದೆ. ಹೆಣ್ಣಿನ ಅಪ್ಪ, ಸೋದರಮಾವ ಯಾರಿಗೂ ಹೇಳದೆ ಹುಡುಗನ ಊರಿಗೆ ಹೋಗಿ, ಅವನ ಮನೆಯ ಹತ್ತಿರದ ಹೋಟೆಲು, ಕ್ಷೌರದ ಅಂಗಡಿ, ಪಾನ್ ಅಂಗಡಿಗಳಲ್ಲಿ ಕೂತು, ಬೇರೇನೋ ಕೆಲಸಕ್ಕೆ ಬಂದವರ ಹಾಗೆ ಮಾತು ತೆಗೆದು ವಿಚಾರಿಸಿಕೊಂಡು ಬರುವುದು. ಅಪ್ಪ ಮತ್ತು ಸೋದರಮಾವ ಕೊಟ್ಟೂರಿನ ಮೇಲೆ ಹಾದು ಹೋಗುವ ಬಸ್ಸು ಹತ್ತಿ ಹೋದರು. ಮಂಡಕ್ಕಿ ಮಿರ್ಚಿ ತಿಂದರು, ಚಹಾ ಕುಡಿದರು, ಮಾವ ಬೇಡದಿದ್ದರೂ ಗಡ್ಡ ಮಾಡಿಸಿಕೊಂಡ. ಸಂಜೆ ಬರುವಾಗ ಇಬ್ಬರ ಮುಖವೂ ಊರಗಲ ಆಗಿತ್ತು.

‘ಕೇಳಿದೋರೆಲ್ಲಾ ಒಂದಾ ಮಾತು ಹೇಳಿದ್ರು,’ ಅಂದ ಅಪ್ಪ. ‘ಡೀಸೆಂಟ್ ಹುಡುಗ ಬಿಡ್ರಿ ಅಂತ. ಕ್ಷೌರದಾವ ಏನಂದ ಗೊತ್ತೈತೇನು? ಇಷ್ಟು ವರ್ಷದಾಗ ನನ್ನ ಕುರ್ಚಿ ಮ್ಯಾಲ ಕುಂತು ಒಂದು ಮಾತಾಡಿಲ್ಲ ನೋಡ್ರಿ ಆ ಹುಡುಗ ಅಂದ!’

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ‘ಅಲ್ರೀ, ಡೀಸೆಂಟ್ ಅಂದ್ರ ಏನು?’

‘ಡೀಸೆಂಟ್ ಅಂದ್ರ ಡೀಸೆಂಟ್. ಕುಡ್ಯಂಗಿಲ್ಲ, ಸೇದಂಗಿಲ್ಲ, ಇಸ್ಪೀಟು ಆಡಂಗಿಲ್ಲ, ಯಾರ ಕೂಡಾನೂ ಜಗಳಾ ಮಾಡಂಗಿಲ್ಲ, ಜೋರು ಮಾತಾಡಂಗಿಲ್ಲ.’

‘ಏನೇನು ಮಾಡಂಗಿಲ್ಲ ಅಂತ ಹೇಳಿದ್ರಿ,’ ಅಂದಳು ಅವ್ವ. ‘ಏನು ಮಾಡ್ತಾನ?’

ಅಪ್ಪ, ಮಾವ ಇಬ್ಬರೂ ನಕ್ಕುಬಿಟ್ಟರು. ‘ಮೆಡಿಕಲ್ ಶಾಪ್ ಮಾಡ್ತಾನ ತಗಾ!’ ಅಂದ ಮಾವ. ಅವ್ವನೂ ನಕ್ಕಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಮ್ಮ ಮನೆಯಲ್ಲಿ ಸಾವಿರ ಬೇಕಾಗಲಿಲ್ಲ, ಸುಳ್ಳೂ ಬೇಕಾಗಲಿಲ್ಲ. ಒಂದು ಇಂಗ್ಲಿಷ್ ಮಾತು ಸಾಕಾಯಿತು.

ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಅಕ್ಕನ ಮಾತು ಕೇಳಿ, ‘ನಮ್ಮನ್ಯಾಗೆ ಯಾರೂ ಗಟ್ಟಿಯಾಗಿ ಮಾತಾಡಲ್ರೀ’ ಅಂತ ಮೆಲ್ಲಗೆ ಅಂದರು. ‘ಗಿರಣಿ ಸದ್ದಿನ್ಯಾಗ ಬೆಳದಾಳ್ರಿ, ನಿಮ್ಮನಿಗೆ ಬಂದ್ರ ತಾನಾ ಕಲೀತಾಳ’ ಎಂದು ಅಪ್ಪ ಹಲ್ಲು ಗಿಂಜಿದ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮಗಳ ದನಿಗೆ ಕ್ಷಮೆ ಕೇಳುವವನ ಹಾಗೆ ಇತ್ತು ಅವನ ಮುಖ.

ಮದುವೆಯಾದ ವರ್ಷ ಪಂಚಮಿ ಹಬ್ಬಕ್ಕೆ ಅಕ್ಕ ತವರಿಗೆ ಬಂದಳು. ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತ ಹೆಂಗಸರೆಲ್ಲ ಕೂತಿದ್ದರು. ‘ಅವ್ವಾ, ಅವರು ನನ್ನ ಕೂಡ ಮಾತಾ ಆಡಂಗಿಲ್ಲವ್ವಾ’ ಅಂದಳು ಅಕ್ಕ. ಎಲ್ಲರೂ ಗೊಳ್ಳೆಂದು ನಕ್ಕರು. ಅವ್ವ ಹೇಳಿದಳು: ‘ನಿಮ್ಮಪ್ಪೇನು ಮಾತಾಡ್ತಿದ್ದನಾ? ನಮ್ಮತ್ತಿ ಇರೋತನ ನನ್ನ ಮುಖ ನೋಡಿ ಮಾತಾಡಿದ್ದಿಲ್ಲ. ಉಪ್ಪು ಬೇಕಾದ್ರೂ, ಅವ್ವಾ, ಉಪ್ಪು ನೀಡಾಕ ಹೇಳು ಅಂತಿದ್ದ. ನಾ ಪಕ್ಕದಾಗ ನಿಂತಿರ್ತಿದ್ದೆ!’ ಚಿಕ್ಕಮ್ಮ, ‘ರಾತ್ರಿ ಮಾತಾಡಿದ್ರ ಸಾಕು ತಗಾವಾ’ ಅಂತ ಛೇಡಿಸಿದಳು. ಮತ್ತೆ ನಗು.

ಹಿರಿಯರ ಮುಂದೆ ಗಂಡ ಹೆಂಡತಿ ನೇರ ಮಾತಾಡಬಾರದು ಎಂಬುದು ನಮ್ಮ ಹಳೆಯ ಮನೆತನಗಳ ರೀತಿ. ಮರ್ಯಾದೆ ಅಂತ ಮಾಡುತ್ತಿದ್ದರು, ಖೋಲಿಯ ಬಾಗಿಲು ಹಾಕಿದ ಮೇಲೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಅಕ್ಕ ಹೇಳಿದ್ದನ್ನು ಎಲ್ಲರೂ ಆ ಲೆಕ್ಕಕ್ಕೇ ಹಾಕಿಬಿಟ್ಟರು. ಯಾರಿಗೂ ಎರಡನೇ ಮಾತು ಕೇಳಬೇಕು ಅನ್ನಿಸಲಿಲ್ಲ.

ಮಧ್ಯಾಹ್ನ ಬೇವಿನ ಮರದ ಜೋಕಾಲಿಯ ಹತ್ತಿರ ನಾವಿಬ್ಬರೇ ಇದ್ದಾಗ ಅಕ್ಕ ನನಗೆ ಉಳಿದದ್ದನ್ನು ಹೇಳಿದಳು. ‘ಖೋಲಿ ಒಳಗೂ ಮಾತಾಡಂಗಿಲ್ಲ ತಂಗಿ. ಮದುವಿ ಆಗಿ ಒಂದು ವಾರ ಆಗಿತ್ತು, ಅಡಿಗಿಮನ್ಯಾಗ ನಾದಿನಿ ಏನೋ ಅಂದ್ಲು, ನಾ ಜೋರಾಗಿ ನಕ್ಕೆ. ಅಂಗಡ್ಯಾಗಿಂದ ಊಟಕ್ಕ ಬಂದಿದ್ರು. ಒಳಗ ಕರದು, ಡೀಸೆಂಟಾಗಿ ಇರೋದು ಕಲಿ, ಆಮೇಲೆ ಮಾತಾಡ್ತೀನಿ ಅಂದ್ರು. ಅದಾ ಕಡೀ ಮಾತು.’

‘ಮತ್ತ ನೀ ಅವ್ವಗ ಹೇಳಬೇಕಿಲ್ಲೇನು?’

‘ಏನಂತ ಹೇಳ್ಲಿ? ಹೊಡದ್ರ ಬಾಸುಂಡಿ ತೋರಸ್ಬೌದು. ಮಾತಾಡಂಗಿಲ್ಲ ಅಂದ್ರ ಏನು ತೋರಸ್ಲಿ?’

ಅವಳು ಕಲಿಯಲು ನೋಡಿದಳು. ಮುಂದಿನ ಪಂಚಮಿಗೆ ಬಂದಾಗ ದನಿ ಇಳಿಸಿಕೊಂಡಿದ್ದಳು. ಗಿರಣಿಗೆ ಬಂದ ಹೆಂಗಸರು, ‘ಏನಂದಿ? ಕೇಳಸ್ಲಿಲ್ಲ’ ಅಂತ ಕಿವಿ ಮುಂದೆ ತರುತ್ತಿದ್ದರು. ‘ನೋಡ್ರಿ, ದೊಡ್ಡ ಮನಿಗೆ ಹೋಗಿ ಎಷ್ಟು ಡೀಸೆಂಟ್ ಆಗ್ಯಾಳ!’ ಎಂದು ಅವರಲ್ಲೇ ಒಬ್ಬಳು ಹೊಗಳಿದಳು. ಅವನು ಮಾತ್ರ ಮಾತಾಡಿರಲಿಲ್ಲ. ಇವಳು ಕಲಿತಳೋ ಇಲ್ಲವೋ ಎಂದು ತೀರ್ಮಾನಿಸುವವನು ಅವನೇ ಅಲ್ಲವೆ? ಪರೀಕ್ಷೆ ಬರೆಯುತ್ತಲೇ ಇರಬೇಕು, ಪಾಸು ಮಾಡುವುದು ಅವನ ಕೈಲಿ.

ಆ ವರ್ಷ ನಾನು ಕೊಟ್ಟೂರಿನಲ್ಲಿ ಬಿ.ಎ. ಓದುತ್ತಿದ್ದೆ. ಅಕ್ಕನಿಗೆ ಜ್ವರ ಅಂತ ಸುದ್ದಿ ಬಂದದ್ದಕ್ಕೆ ಕಾಲೇಜಿನಿಂದ ನೇರ ಹರಪನಹಳ್ಳಿಗೆ ಹೋದೆ. ಭಾವನ ಅಂಗಡಿ ಮನೆಗೆ ಅಂಟಿಕೊಂಡೇ ಇತ್ತು. ನಾನು ಹೋದಾಗ ಚಿಗಟೇರಿಯಿಂದ ಬಂದ ಒಬ್ಬ ಅಜ್ಜಿಗೆ ಅವನು ಗುಳಿಗೆ ಕೊಡುತ್ತಿದ್ದ. ‘ಇದನ್ನ ಊಟ ಆದ್ಮೇಲೆ ತಗಳಮ್ಮ. ಇದನ್ನ ಬೆಳಿಗ್ಗೆ. ಭಯ ಬೀಳಬೇಡ, ಕಮ್ಮಿ ಆಗುತ್ತೆ’ ಅಂತ ಎರಡು ಸಲ ಬಿಡಿಸಿ ಹೇಳಿದ. ಎಷ್ಟು ಮೆತ್ತಗಿನ ಮಾತು! ಅಜ್ಜಿ ಕೈ ಮುಗಿದು ಹೋದಳು. ನನ್ನನ್ನು ನೋಡಿ, ‘ಬಾಮ್ಮಾ, ಓದು ಹೇಗೆ ನಡೀತಿದೆ?’ ಅಂತ ನಗುತ್ತ ಒಳಗೆ ಕರೆದ.

ಒಳಗೆ ಅಕ್ಕ ಜ್ವರದಲ್ಲೂ ಎದ್ದು ನಮಗೆ ಚಹಾ ಮಾಡಿಕೊಟ್ಟು ಬಾಗಿಲ ಬಳಿ ನಿಂತಳು. ಅವನು ಒಂದು ಗುಟುಕು ಕುಡಿದ. ನನ್ನ ಕಡೆ ತಿರುಗಿ, ‘ಸಕ್ಕರೆ ಕಮ್ಮಿ ಆಗಿದೆ ಅಂತ ನಿಮ್ಮಕ್ಕಗೆ ಹೇಳಮ್ಮ’ ಅಂದ. ಅಕ್ಕ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಸಕ್ಕರೆ ಡಬ್ಬಿ ತಂದಿಟ್ಟಳು. ಆಮೇಲೆ ಅವನು ಗುಳಿಗೆಯ ಪೊಟ್ಟಣವನ್ನು ತಾಯಿಯ ಕೈಗೆ ಕೊಟ್ಟು, ‘ಅಮ್ಮ, ಊಟ ಆದ್ಮೇಲೆ ತಗಳ್ಳಾಕೆ ಹೇಳು’ ಅಂದು ಅಂಗಡಿಗೆ ಹೋದ. ಊರ ಮಂದಿಗೆಲ್ಲ ಎರಡೆರಡು ಸಲ ಹೇಳುವವನು, ಜ್ವರ ಬಂದ ಹೆಂಡತಿಗೆ ಒಂದು ಸಲ ಹೇಳಲಾರ! ಅವನ ತಾಯಿ ನನ್ನ ಮುಖ ನೋಡಿ, ‘ನಮ್ಮ ಹುಡುಗ ಭಾಳ ನಾಚ್ಕೆ ಸ್ವಭಾವದವನಮ್ಮಾ’ ಅಂದರು. ನಾಚಿಕೆಯಂತೆ, ಮಣ್ಣಂತೆ! ನನಗೆ ಅಲ್ಲೇ ಲೋಟ ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತ್ತು. ಅಕ್ಕ ಕಣ್ಣಲ್ಲೇ ಬೇಡ ಅಂದಳು.

ಮರುದಿನ ಕಾಲೇಜಿನ ಲೈಬ್ರರಿಯಲ್ಲಿ ನಿಘಂಟು ತೆಗೆದು ಆ ದರಿದ್ರ ಮಾತನ್ನು ಹುಡುಕಿದೆ. ಸಭ್ಯ ಅಂತ ಇತ್ತು. ನಾಲ್ಕು ಜನ ಒಪ್ಪುವಂಥದ್ದು ಅಂತ ಇತ್ತು. ಅದರ ಕೆಳಗೆ, ಕನಿಕರವುಳ್ಳ, ಇನ್ನೊಬ್ಬರ ಜೊತೆ ಅಂತಃಕರಣದಿಂದ ನಡೆದುಕೊಳ್ಳುವ ಅಂತಲೂ ಇತ್ತು. ಇಂಗ್ಲಿಷಿನವರ ಮಾತಿಗೆ ಇಷ್ಟೆಲ್ಲ ಅರ್ಥ ಇತ್ತು. ನಮ್ಮವರು ಅದನ್ನು ತರುವಾಗ ತಮಗೆ ಅನುಕೂಲ ಆಗುವಷ್ಟನ್ನೇ ತಂದಿದ್ದರು. ನಾಲ್ಕು ಜನ ಒಪ್ಪಿದರೆ ಆಯಿತು, ಐದನೆಯವಳಾಗಿ ಮನೆಯೊಳಗೆ ಇರುವವಳ ಒಪ್ಪಿಗೆ ಯಾರಿಗೆ ಬೇಕು?

ಮೂರನೇ ಪಂಚಮಿಗೆ ಬಂದ ಅಕ್ಕ ತಿರುಗಿ ಹೋಗಲಿಲ್ಲ. ಹಬ್ಬ ಮುಗಿದ ಮೇಲೆ, ‘ನಾ ಹೋಗಂಗಿಲ್ಲ’ ಅಂದಳು, ಅಷ್ಟೆ. ಮೊದಮೊದಲು ಅವ್ವ ಬೈದಳು, ಅಪ್ಪ ಗದರಿದ, ಮಾವ ಬಂದು ಬುದ್ಧಿ ಹೇಳಿದ. ನಾನು ನೋಡಿದ್ದನ್ನು ಹೇಳಿದೆ. ಅವ್ವನ ಮುಖ ಕಪ್ಪಿಟ್ಟಿತು. ಅಪ್ಪ ಗಿರಣಿಗೆ ಹೋಗಿ, ಯಾರ ಡಬ್ಬಿಯೂ ಇಲ್ಲದಿದ್ದರೂ ಕಲ್ಲಿನ ಮುಂದೆ ಕೂತ. ದಸರೆಯ ಹೊತ್ತಿಗೆ ಆ ಕಡೆಯಿಂದ ಹೇಳಿಕಳಿಸಿದರು: ಹಿರಿಯರನ್ನು ಕೂಡಿಸಿ, ಒಂದು ತೀರ್ಮಾನ ಆಗಲಿ.

ಹಿರಿಯರು ನಮ್ಮ ಪಡಸಾಲೆಯಲ್ಲೇ ಕೂಡಿದರು. ಭಾವ, ಅವನ ತಂದೆ ತಾಯಿ, ಅವರ ಕಡೆಯ ಹಿರಿಯರು ಒಂದು ಕಡೆ. ಅಪ್ಪ, ಮಾವ, ನಮ್ಮ ಬಳಗದ ಪೈಕಿ ಕೋಗಳಿಯ ತಾತ ಇನ್ನೊಂದು ಕಡೆ. ಆ ತಾತ ಇಂಥ ಎಷ್ಟೋ ಮನೆಗಳನ್ನು ಕೂಡಿಸಿದವರು, ಅವರ ಮಾತು ಅಂದರೆ ಕೊನೆಯ ಮಾತು. ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ನಾನು. ಅಕ್ಕನ ಮುಂದಿನ ಬದುಕು ಆ ಮಧ್ಯಾಹ್ನ ಅವರ ಬಾಯಲ್ಲಿತ್ತು. ಅವರು ಹೋಗು ಅಂದರೆ ಹೋಗಬೇಕು. ಅಪ್ಪ ಮೊದಲೇ, ‘ಹಿರ್‍ಯಾರು ಹೆಂಗ ಹೇಳ್ತಾರ ಹಂಗ’ ಅಂತ ಮಾತು ಕೊಟ್ಟು ಕೂತಿದ್ದ.

ತಾತ ಮಾವನಿಗೆ ಹೇಳಿದರು, ‘ಕೇಳಪಾ ಹುಡುಗಿನ್ನ. ಆತ ಕುಡೀತಾನೇನು?’

ಮಾವ ತಿರುಗಿ ಅಕ್ಕನನ್ನು ಕೇಳಿದ. ಅವಳು ಇಲ್ಲ ಅಂದಳು. ಅವನು ತಿರುಗಿ, ‘ಇಲ್ಲಂತ’ ಅಂದ.

‘ಹೊಡೀತಾನೇನು ಕೇಳು.’

‘ಇಲ್ಲಂತ.’

‘ಊಟಕ್ಕ ಬಟ್ಟಿಗೆ ಕಮ್ಮಿ ಮಾಡ್ಯಾರೇನು? ಬ್ಯಾರೆ ಹೆಂಗಸಿನ ಸವಾಸ ಏನರ?’

‘ಇಲ್ಲಂತ.’

‘ಮತ್ತೇನು ತ್ರಾಸಂತ?’

ಅಕ್ಕ ಹೇಳಿದಳು. ಮಾವ ಅದನ್ನು ಪಡಸಾಲೆಗೆ ದಾಟಿಸಿದ: ‘ಮಾತಾಡಂಗಿಲ್ಲಂತ.’ ಕೂತವರಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು, ‘ಮಾತಾಡದಾಂವ ಅಂದ್ರ ಪುಣ್ಯ ಅನ್ರಿ, ನಮ್ಮನ್ಯಾಗ ಕೇಳ್ರಿ, ಮಾತಾಡಿ ಮಾತಾಡಿ ತಲಿ ತಿಂತೀನಿ ಅಂತಾರ’ ಅಂದರು. ಭಾವನ ತಂದೆ ಬಹಳ ಮೆಲ್ಲಗೆ, ‘ನಾವು ಡೀಸೆಂಟ್ ಜನ, ಸ್ವಾಮಿ. ನಮ್ಮ ಹುಡುಗ ಇವತ್ತಿಗೂ ಒಂದು ಗಟ್ಟಿ ಮಾತು ಆಡಿಲ್ಲ’ ಅಂದರು. ಎಲ್ಲರೂ ತಲೆ ಆಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು.

‘ಗಟ್ಟಿ ಮಾತಲ್ಲ, ಯಾವ ಮಾತೂ ಆಡಿಲ್ಲ! ಮೂರು ವರ್ಷ ಆಗಾಕ ಬಂತು! ನಾಯಿನ್ನರ ಹಚಾ ಅಂತಾರ!’ ಎಂದು ನಾನು ಕೂಗಿಬಿಟ್ಟೆ.

‘ಏ ಹುಡುಗೀ, ಕಾಲೇಜಿಗೆ ಹೋಗಾಕಿ, ಹಿರ್‍ಯಾರ ಮುಂದ ಡೀಸೆಂಟಾಗಿ ಮಾತಾಡು’ ಅಂದರು ಅವರ ಕಡೆಯ ಹಿರಿಯರು. ಅವ್ವ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

ಆದರೂ ತಾತನಿಗೆ ಏನೋ ಅನ್ನಿಸಿರಬೇಕು. ಭಾವನ ಕಡೆ ತಿರುಗಿ, ‘ನೋಡಪಾ, ಇದು ದೊಡ್ಡ ಮಾತಲ್ಲ. ಈಗ ಎಲ್ಲಾರ ಮುಂದ ಆಕಿಗೆ ಬಾ ಅಂತ ಒಂದು ಮಾತು ಅನ್ನು. ನಾವಾ ಕೂಡಿಸಿ ಕಳಸ್ತೀವಿ’ ಅಂದರು.

ಅಕ್ಕ ತಲೆ ಎತ್ತಿ ಅವನನ್ನೇ ನೋಡಿದಳು. ನನಗೆ ಗೊತ್ತು, ಅವನು ಅಂದಿದ್ದರೆ ಅವಳು ಹೋಗಿಬಿಡುತ್ತಿದ್ದಳು. ಸುಮಾರು ಮೂರು ವರ್ಷ ಆ ಒಂದು ಮಾತಿಗೇ ಕಾದವಳು. ಅವನು ನೆಲ ನೋಡಿದ. ಕೈಗಡಿಯಾರ ನೋಡಿದ. ಆಮೇಲೆ ಪಕ್ಕದಲ್ಲಿ ಕೂತಿದ್ದ ತಾಯಿಗೆ ಹೇಳಿದ:

‘ಅಮ್ಮ, ಬಸ್ಸಿಗೆ ಹೊತ್ತಾಯ್ತು. ಬರಾದಿದ್ರೆ ಬರಾಕೆ ಹೇಳು.’

‘ಅಂದ್ನಲ್ಲಪಾ!’ ಅಂತ ಅವರ ಕಡೆಯವರು ತೊಡೆ ತಟ್ಟಿದರು. ‘ಹಿರ್‍ಯಾರ ಮುಂದ ಹೆಂಡ್ತಿ ಕೂಡ ನೇರ ಮಾತಾಡದಿರೋದು ಮರ್ಯಾದಿ. ಇಷ್ಟು ಡೀಸೆಂಟ್ ಹುಡುಗನ್ನ ಈ ಕಾಲದಾಗ ಎಲ್ಲಿ ಹುಡುಕ್ತೀರಿ?’ ಎಲ್ಲರಿಗೂ ಹಗುರಾಯಿತು. ಒಬ್ಬರು ಹೆಗಲ ಮೇಲಿನ ವಸ್ತ್ರ ಝಾಡಿಸಿಕೊಂಡು ಎದ್ದೇಬಿಟ್ಟರು. ತಾತ ಅಪ್ಪನಿಗೆ ಹೇಳಿದರು, ‘ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನಿನ್ನ ಮಗಳಿಗೆ ತಯಾರಾಗಾಕ ಹೇಳಪಾ.’

ಅಪ್ಪ ಮೊದಲೇ ಮಾತು ಕೊಟ್ಟವನು. ಎದ್ದು ಅಕ್ಕನ ಕಡೆ ಬರುತ್ತಾನೆ ಅಂದುಕೊಂಡೆ, ನನಗೆ ಅವನ ಮೇಲೂ ಅಸಹ್ಯ ಬಂತು. ಅವನು ಕೂತಲ್ಲಿಂದ ಏಳಲಿಲ್ಲ.

‘ಆಕಿ ಇಲ್ಲೇ ಕುಂತಾಳಲ್ರಿ,’ ಅಂದ. ‘ಆಗ್ಲಿಂದ ಎಲ್ಲಾರೂ ಆಕಿ ಸುದ್ದಿ ಮಾತಾಡಾಕತ್ತೀರಿ. ಒಬ್ರೂ ಆಕಿ ಕೂಡ ಮಾತಾಡಿಲ್ಲ. ಹೋಗು ಅನ್ನೋದಿದ್ರ ನೀವಾ ಆಕಿ ಮುಖ ನೋಡಿ ಹೇಳ್ರಿ. ನನ್ನ ಕೈಲೆ ಆಗಂಗಿಲ್ಲ.’

ತಾತ ಸಿಟ್ಟಿನಿಂದಲೇ ಹೊಸ್ತಿಲ ಕಡೆ ತಿರುಗಿದರು. ಹೇಳಿಯೇ ಬಿಡುತ್ತಾರೆ ಅನ್ನಿಸಿತು. ಅಕ್ಕ ಸೆರಗು ಸರಿಮಾಡಿಕೊಂಡು, ಅವರ ಕಣ್ಣಿಗೆ ಕಣ್ಣು ಕೊಟ್ಟು ಕೂತಳು.

‘ಹೇಳ್ರಿ ತಾತ,’ ಅಂದಳು. ‘ಕೇಳಾಕತ್ತೀನಿ.’

ತಾತ ಬಾಯಿ ತೆರೆದರು. ಅವಳ ಮುಖವನ್ನು ಅವರು ಆ ದಿನ ನೋಡಿದ್ದು ಅದೇ ಮೊದಲು. ನೋಡಿದರು, ನೋಡಿದರು. ಆಮೇಲೆ ಎರಡೂ ಕೈಯಿಂದ ಮುಖ ಒರೆಸಿಕೊಂಡರು.

‘ನನಗ ಹೇಳಾಕ ಬರವಲ್ದವಾ,’ ಅಂದರು.

ಉಳಿದವರಲ್ಲೂ ಯಾರೂ ಹೇಳಲಿಲ್ಲ. ಭಾವ ಎದ್ದು ಚಪ್ಪಲಿ ಮೆಟ್ಟಿಕೊಂಡ, ಅವನ ಹಿಂದೆ ಅವನ ಮನೆಯವರೂ ಎದ್ದರು. ಅಕ್ಕ ಕೂತ ಜಾಗದಿಂದ ಅಲ್ಲಾಡಲಿಲ್ಲ.